ಊಟ ಬಿಟ್ಟ ಶರೀರದ ಚೇತರಿಕೆ



ದಪ್ಪಗಾಗುವ ಭಯದಿಂದ ಬಹುಕಾಲ ಊಟ ಬಿಡುವುದು ಹಠವಲ್ಲ, ದೆವ್ವದ ಕಾಟವೂ ಅಲ್ಲ, ಅದೊಂದು ಕಾಯಿಲೆ. ಇದರಿಂದ ನಾಡಿ ನಿಧಾನವಾಗುತ್ತದೆ, ಮೂಳೆ ಸವೆಯುತ್ತದೆ, ಮುಟ್ಟು ನಿಲ್ಲುತ್ತದೆ.

ಹಾಗೆಂದು ಒಮ್ಮೆಲೇ ಹೊಟ್ಟೆತುಂಬ ಉಣಿಸಬೇಡಿರಿ. ಬಹುದಿನ ಬರಿದಾಗಿದ್ದ ಶರೀರಕ್ಕೆ ಹಠಾತ್ತನೆ ಹೆಚ್ಚು ಆಹಾರ ದೊರೆತರೆ, ರಕ್ತದಲ್ಲಿನ ರಂಜಕ ಮೊದಲಾದ ಲವಣಾಂಶಗಳು ಕುಸಿದು, ಹೃದಯದ ಬಡಿತ ತಪ್ಪಿ, ಪ್ರಾಣಕ್ಕೇ ಅಪಾಯವಾದೀತು. ಮೊದಲು ವೈದ್ಯರಿಗೆ ತೋರಿಸಿರಿ. ಅವರು ಹೇಳಿದ ಅಳತೆಯಲ್ಲಿ ಗಂಜಿ, ಹಾಲು, ಬೇಳೆಕಟ್ಟನ್ನು ದಿನಕ್ಕೆ ಐದಾರು ಬಾರಿ ಕೊಡಿರಿ. ಬೈಯದೆ ಜೊತೆಯಲ್ಲಿ ಕುಳಿತು ಉಣ್ಣಿರಿ. ಕಾಲು ಊದಿದರೆ, ಏದುಸಿರು ಬಂದರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ.

ತೂಕ ಮರಳಿದರೂ ಮುಟ್ಟು ಮರಳಲು ತಿಂಗಳುಗಳೇ ಹಿಡಿಯಬಹುದು. ಅದಕ್ಕೆ ಮೊದಲೇ ಗರ್ಭ ನಿಲ್ಲುವುದೂ ಉಂಟು. ಆದುದರಿಂದ ಶರೀರ ಬಲಗೊಳ್ಳುವವರೆಗೆ ನಿರೋಧ್ ಬಳಸಿರಿ.