ಸಿಹಿ ಗುಳಿಗೆಯ ಡಾಕ್ಟರ ಹತ್ತಿರ ಹೋಗುವ ಮುನ್ನ

ಮಂಡಿನೋವು ಅಂತ ಹೋದರೆ, ‘ಕನಸು ಬೀಳುತ್ತಾ? ಉಪ್ಪು ಇಷ್ಟವಾ, ಸಿಹಿಯಾ? ಒಬ್ಬರೇ ಇರಲು ಭಯವಾ?’ ಎಂದು ಕೇಳುತ್ತಾರೆ. ಹೋಮಿಯೋಪತಿ ಕ್ಲಿನಿಕ್ಕಿಗೆ ಮೊದಲ ಸಲ ಹೋದವರು ತಬ್ಬಿಬ್ಬಾಗುವುದು ಇಲ್ಲೇ. ಡಾಕ್ಟರಿಗೆ ಕಾಯಿಲೆಯೇ ಗೊತ್ತಾಗುತ್ತಿಲ್ಲ ಎಂದು ಕೆಲವರು ಅಂದುಕೊಂಡರೆ, ಮನಸ್ಸನ್ನೇ ಓದಿಬಿಟ್ಟರು ಎಂದು ಇನ್ನು ಕೆಲವರು ಬೆರಗಾಗುತ್ತಾರೆ. ಎರಡೂ ಅಲ್ಲ. ಈ ಪದ್ಧತಿಯಲ್ಲಿ ಔಷಧಿ ಆರಿಸುವುದು ರೋಗದ ಹೆಸರು ನೋಡಿಯಲ್ಲ, ರೋಗಿಯ ಒಟ್ಟು ಲಕ್ಷಣ ನೋಡಿ. ಹಾಗಾಗಿ ಮೊದಲ ಭೇಟಿ ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯಬಹುದು. ನಿಮ್ಮ ಉತ್ತರಗಳನ್ನು ‘ರೆಪರ್ಟರಿ’ ಎಂಬ ದಪ್ಪ ಲಕ್ಷಣಸೂಚಿಯಲ್ಲೋ ಈಗೀಗ ಕಂಪ್ಯೂಟರಿನಲ್ಲೋ ಹುಡುಕಿ ಗುಳಿಗೆ ಗೊತ್ತುಮಾಡುತ್ತಾರೆ.

‘ಇದು ನಮ್ಮ ಗಿಡಮೂಲಿಕೆ ಔಷಧಿ, ಆಯುರ್ವೇದದ ಹಾಗೆಯೇ’ ಎನ್ನುವವರು ಬಹಳ. ಹೋಮಿಯೋಪತಿ ಹುಟ್ಟಿದ್ದು ಜರ್ಮನಿಯಲ್ಲಿ. ಸ್ಯಾಮ್ಯುಯೆಲ್ ಹಾನೆಮಾನ್ ತನ್ನ ಸಿದ್ಧಾಂತದ ಗ್ರಂಥ ‘ಆರ್ಗನಾನ್’ ಪ್ರಕಟಿಸಿದ್ದು 1810ರಲ್ಲಿ. ನಮ್ಮ ಕರಾವಳಿಯಲ್ಲಿ ಅದು ಬೇರೂರಲು ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಕಾರಣ. 1880ರಲ್ಲಿ ಅವರು ಮಂಗಳೂರಿನ ಕಂಕನಾಡಿಯಲ್ಲಿ ಆಲದ ಮರದಡಿ ಹೋಮಿಯೋಪತಿ ಔಷಧಿ ಹಂಚಲು ಶುರುಮಾಡಿದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಅಲ್ಲಿಂದಲೇ.

ಮೂಲವಸ್ತುಗಳೂ ಬರೀ ಗಿಡಗಳಲ್ಲ. ‘ಲ್ಯಾಕೆಸಿಸ್’ ಹಾವಿನ ವಿಷ, ‘ನಕ್ಸ್ ವಾಮಿಕಾ’ ಕಾಸರ್ಕದ ಬೀಜ, ‘ನೇಟ್ರಂ ಮ್ಯೂರ್’ ನಾವು ಸಾರಿಗೆ ಹಾಕುವ ಉಪ್ಪು. ಹೆಸರು ಕೇಳಿ ಹೆದರಬೇಕಿಲ್ಲ. ‘30’ ಎಂದು ಬರೆದ ಶೀಸೆಯ ಲೆಕ್ಕ ಹೀಗಿದೆ: ಮೂಲದ್ರವ 1 ಪಾಲು, ಆಲ್ಕೋಹಾಲ್ 99 ಪಾಲು ಬೆರೆಸಿ ಕುಲುಕುವುದು, ಅದರಲ್ಲಿ 1 ಪಾಲು ತೆಗೆದು ಮತ್ತೆ 99 ಪಾಲಿಗೆ, ಹೀಗೆ 30 ಸಲ. 12ನೇ ಸಲ ದಾಟುವ ಹೊತ್ತಿಗೇ ಮೂಲವಸ್ತುವಿನ ಒಂದು ಅಣುವೂ ಉಳಿದಿರುವುದು ಅನುಮಾನ. ಹಾನೆಮಾನ್‌ಗೆ ಇದು ತಿಳಿಯುವಂತಿರಲಿಲ್ಲ, ಅಣುಗಳನ್ನು ಎಣಿಸುವ ಲೆಕ್ಕ ಆಗಿನ್ನೂ ಬಂದಿರಲಿಲ್ಲ. ಈಗಿನವರಿಗೆ ಆ ನೆಪವಿಲ್ಲ. ನಮಗೆ ಸಿಗುವ ಗುಳಿಗೆ, ಆ ದ್ರವದಲ್ಲಿ ತೋಯಿಸಿದ ಸಕ್ಕರೆ.

‘ಹಾಗಾದರೆ ನಮ್ಮ ಹುಡುಗನ ನರಹುಲಿ ಹೇಗೆ ಉದುರಿತು?’ ನ್ಯಾಯವಾದ ಪ್ರಶ್ನೆ. ಮಕ್ಕಳ ನರಹುಲಿ ಎಷ್ಟೋ ಸಲ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಕಿಡ್ನಿಯ ಸಣ್ಣ ಕಲ್ಲು ಮೂತ್ರದಲ್ಲಿ ಜಾರಿಹೋಗುವುದೂ ಹಾಗೆಯೇ. ನೆಗಡಿಯಂತೂ ಯಾರನ್ನೂ ಕೇಳದೆ ಹೋಗುತ್ತದೆ. ಆ ಹೊತ್ತಿಗೆ ನಾಲಿಗೆಯ ಮೇಲಿದ್ದ ಗುಳಿಗೆಗೆ ಹೆಸರು ಬರುತ್ತದೆ. ಗುಳಿಗೆಯ ಪಾಲೆಷ್ಟು ಎಂದು ತಿಳಿಯಬೇಕಾದರೆ ಅದನ್ನು ತೆಗೆದುಕೊಂಡವರನ್ನೂ ಬರೀ ಸಕ್ಕರೆ ತೆಗೆದುಕೊಂಡವರನ್ನೂ ಹೋಲಿಸಬೇಕು. ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ, ಹೋಮಿಯೋಪತಿ ಫಲ ಕೊಡುತ್ತದೆ ಎಂಬುದಕ್ಕೆ ನಂಬಬಹುದಾದ ಆಧಾರ ಯಾವ ಕಾಯಿಲೆಯಲ್ಲೂ ಇಲ್ಲ ಎಂದು 2015ರಲ್ಲಿ ಹೇಳಿತು. ಆದರೂ ಆ ಒಂದು ಗಂಟೆ ಮಾತು ಸುಳ್ಳಲ್ಲ. ಸರ್ಕಾರಿ ಆಸ್ಪತ್ರೆಯ ಒಪಿಡಿಯಲ್ಲಿ ತಲೆಯೆತ್ತಿ ನೋಡುವಷ್ಟೂ ಪುರಸೊತ್ತಿಲ್ಲದ ಡಾಕ್ಟರನ್ನು ಕಂಡುಬಂದವರಿಗೆ, ಯಾರೋ ಕೂತು ಕೇಳಿಸಿಕೊಂಡರೆ ಹಗುರವೆನಿಸುವುದು ಸಹಜ. ಜನ ಮತ್ತೆ ಮತ್ತೆ ಅಲ್ಲಿಗೆ ಹೋಗುವುದಕ್ಕೆ ಗುಳಿಗೆಗಿಂತ ಇದೇ ದೊಡ್ಡ ಕಾರಣ ಎಂದು ನನ್ನ ಅಂದಾಜು.

‘ಅವರು ಡಾಕ್ಟರೇ ಅಲ್ಲ’ ಎಂಬುದು ಮತ್ತೊಂದು ತುದಿಯ ತಪ್ಪು. ಬಿಎಚ್‌ಎಂಎಸ್ ಪದವಿಗೆ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಬೇಕು. ಅದರಲ್ಲಿ ಶರೀರ ರಚನೆ, ರೋಗಶಾಸ್ತ್ರ ಎಲ್ಲ ಇದೆ. ಆದರೆ ಪರವಾನಗಿ ಇರುವುದು ಹೋಮಿಯೋಪತಿಗೆ. ಹೋಮಿಯೋಪತಿ ವೈದ್ಯರೊಬ್ಬರು ಅಲೋಪತಿ ಔಷಧಿ ಕೊಟ್ಟು ರೋಗಿ ತೀರಿಕೊಂಡ ಪ್ರಕರಣದಲ್ಲಿ, ಅದು ನಿರ್ಲಕ್ಷ್ಯವೇ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಹೆಸರಿಲ್ಲದ ಶೀಸೆ, ಪುಡಿಯ ಪೊಟ್ಟಣ ಕೈಗೆ ಬಂದರೆ ಔಷಧಿಯ ಹೆಸರು ಬರೆದುಕೊಡಿ ಎಂದು ಕೇಳಿ. ಎರಡು ಡೋಸಿನ ನಡುವೆ ಬರೀ ಸಕ್ಕರೆ ಗುಳಿಗೆ ಕೊಡುವ ರೂಢಿಯೂ ಇದೆ. ಚೀಟಿಯಲ್ಲಿ ಅದಕ್ಕೆ ‘ಎಸ್.ಎಲ್.’ ಎಂದಿರುತ್ತದೆ.

ಪಥ್ಯದ ಮಾತು: ಕಾಫಿ ಬಿಡಿ, ಈರುಳ್ಳಿ ಬಿಡಿ, ಗುಳಿಗೆ ಕೈಯಲ್ಲಿ ಮುಟ್ಟಬೇಡಿ. ಕಾಫಿ ಬಿಟ್ಟರೆ ನಷ್ಟವೇನಿಲ್ಲ (ಚಿಕ್ಕಮಗಳೂರಿನವರು ಒಪ್ಪಲಿಕ್ಕಿಲ್ಲ), ಆದರೆ ಬಿಡದಿದ್ದರೆ ಗುಳಿಗೆ ಕೆಡುತ್ತದೆ ಎಂಬುದಕ್ಕೆ ಪುರಾವೆಯೂ ಇಲ್ಲ. ತಮಾಷೆಯೆಂದರೆ ‘ಏಲಿಯಂ ಸೀಪಾ’ ಎಂಬ ಅವರದೇ ಔಷಧಿ ತಯಾರಾಗುವುದು ಈರುಳ್ಳಿಯಿಂದ.

‘ಅಡ್ಡಪರಿಣಾಮವೇ ಇಲ್ಲ’ ಎಂಬ ಮಾತು 30, 200ರ ಗುಳಿಗೆಗಳ ಮಟ್ಟಿಗೆ ಬಹುತೇಕ ಸರಿ. ಮದರ್ ಟಿಂಕ್ಚರ್, 3ಎಕ್ಸ್‌ನಂಥವಕ್ಕೆ ಸಲ್ಲದು, ಅವುಗಳಲ್ಲಿ ಮೂಲವಸ್ತು ನಿಜಕ್ಕೂ ಇರುತ್ತದೆ. ಹಲ್ಲು ಮೂಡುವ ಮಕ್ಕಳಿಗೆ ಕೊಡುವ ಹೋಮಿಯೋಪತಿ ಮಾತ್ರೆಗಳ ವಿರುದ್ಧ ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಎಚ್ಚರಿಕೆ ಕೊಟ್ಟರು. ಕೆಲವು ಮಾತ್ರೆಗಳಲ್ಲಿ ವಿಷಕಾರಿ ಬೆಲಡೋನಾದ ಪ್ರಮಾಣ ಹೆಚ್ಚೂಕಡಿಮೆಯಾಗಿರುವುದು ಮರುವರ್ಷ ಪ್ರಯೋಗಾಲಯದಲ್ಲಿ ಕಂಡುಬಂತು.

ಎಲ್ಲಕ್ಕಿಂತ ಅಪಾಯದ ನಂಬಿಕೆ, ‘ಮೊದಲು ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ’ ಎಂಬುದು. ಉಬ್ಬಸ ಹೆಚ್ಚಾದರೆ, ಮಗುವಿನ ಜ್ವರ ಇಳಿಯದೆ ಅದು ಮಂಕಾದರೆ, ಎದೆನೋವು ಬಂದರೆ, ಅದು ಔಷಧಿ ಹಿಡಿಯುತ್ತಿರುವ ಗುರುತಲ್ಲ. ಆಂಬುಲೆನ್ಸಿಗೆ 108 ಒತ್ತಿ. ಇನ್ಸುಲಿನ್, ಫಿಟ್ಸ್ ಮಾತ್ರೆ, ಬಿಪಿ ಮಾತ್ರೆ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ, ಅವನ್ನು ಬರೆದುಕೊಟ್ಟ ಡಾಕ್ಟರನ್ನು ಕೇಳುವ ತನಕ ಒಂದು ಹೊತ್ತೂ ತಪ್ಪಿಸಬೇಡಿ.