ಭುಜ ಜಾರಿದವರ ರಿಪೋರ್ಟಿನಲ್ಲಿ ಎಲುಬಿನ ಲೆಕ್ಕ

ಕಬಡ್ಡಿ ಆಡುವ ಹುಡುಗನ ಭುಜ ಮೊದಲ ಸಲ ಜಾರಿದಾಗ ಮೈದಾನವೇ ಓಡಿಬರುತ್ತದೆ. ಐದಾರು ಸಲ ಆದಮೇಲೆ ಯಾರೂ ಬರುವುದಿಲ್ಲ. ಅವನೇ ಮೂಲೆಗೆ ಹೋಗಿ ತೋಳು ತಿರುವಿ ಕೂರಿಸಿಕೊಂಡು ಮತ್ತೆ ಅಂಕಣಕ್ಕೆ ಇಳಿಯುತ್ತಾನೆ. ಧುಪದಾಳದ ಆಸುಪಾಸಿನಲ್ಲಿ ಪಿ.ಟಿ. ಮಾಸ್ತರನಾಗಿ ಸೀಟಿ ಊದಿಕೊಂಡೇ ಕಾಲ ಕಳೆದ ನನಗೆ ಹೆದರಿಕೆ ಹುಟ್ಟಿಸುವುದು ಈ ಎರಡನೆಯದು. ಅಷ್ಟು ಸಲೀಸಾಗಿ ಜಾರುತ್ತಿದೆ ಎಂದರೆ ತಡೆಯಬೇಕಾದ ಅಂಚು ಸವೆಯುತ್ತಿದೆಯೋ ಏನೋ ಎಂಬ ಗುಮಾನಿ ಬರಬೇಕು.

ನಿವೃತ್ತನಾದ ಮೇಲೆ ಸೀಟಿ ನಿಂತಿತು, ರಿಪೋರ್ಟುಗಳು ಬರತೊಡಗಿದವು. ನಮ್ಮ ಕಡೆಯವರು ಸ್ಕ್ಯಾನಿಗೆ ಬೆಳಗಾವಿಗೋ ಮಿರಜಿಗೋ ಹೋಗುತ್ತಾರೆ. ಬರುವಾಗ ದೊಡ್ಡ ಲಕೋಟೆ ಹಿಡಿದು ಘಟಪ್ರಭಾ ಸ್ಟೇಶನ್ನಿನಲ್ಲಿ ಇಳಿದು ನೇರ ನನ್ನ ಕಟ್ಟೆಗೆ ಬರುತ್ತಾರೆ. ಈಚೆಗೆ ಬಂದವನು ಒಬ್ಬ ರೇಡರ್. ಜೊತೆಗೆ ಅವನ ತಂದೆ.

“ಸರ, ಹರದೈತಿ ಅಂತ ಬರದಾರ್ರಿ. ಹೊಲಿಗಿ ಹಾಕಿದ್ರ ಸಾಕಲ್ರಿ?”

“ಹರದದ್ದು ಇರ್ಲಿ. ಎಲುಬು ಎಷ್ಟು ಸವದೈತಿ ಅಂತ ಬರದಾರೇನು, ಅದನ್ನ ಹುಡುಕು.”

ಬರೆದಿರಲಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ: ಪದೇಪದೇ ಜಾರುವ ಭುಜದ ರಿಪೋರ್ಟಿನಲ್ಲಿ ‘ಟೇರ್’ ಎಂಬ ಮಾತಿಗೆ ಎಲ್ಲರೂ ಬೆಚ್ಚುತ್ತಾರೆ. ಆದರೆ ಯಾವ ಆಪರೇಶನ್ ಎಂಬುದನ್ನು ಬಹಳ ಮಟ್ಟಿಗೆ ತೀರ್ಮಾನಿಸುವುದು ಎಲುಬು.

ತೋಳಿನ ಎಲುಬಿನ ತಲೆ ದುಂಡಗೆ, ದೊಡ್ಡದು. ಅದು ಕೂರುವ ಗುಳಿ, ಅಂದರೆ ಗ್ಲೆನಾಯ್ಡ್, ಚಿಕ್ಕದು, ಬಹಳ ಆಳವೂ ಇಲ್ಲ. ಕೈ ಎಲ್ಲ ದಿಕ್ಕಿಗೂ ತಿರುಗಬೇಕಲ್ಲ, ಅದಕ್ಕೆ ತೆತ್ತ ಬೆಲೆ ಇದು. ಗುಳಿಯ ಸುತ್ತ ಲೇಬ್ರಮ್ ಎಂಬ ಮೆತ್ತನೆಯ ಬಳೆ ಇರುತ್ತದೆ. ಕೊಡ ಉರುಳದಂತೆ ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳುತ್ತಾರಲ್ಲ, ಅದರ ಕೆಲಸವೇ ಇದರದು. ಭುಜ ಜಾರುವುದು ಬಹುಪಾಲು ಮುಂದಕ್ಕೆ. ಹಾಗೆ ಜಾರುವಾಗ ಈ ಬಳೆ ಮುಂದಿನ ಕೆಳ ಅಂಚಿನಿಂದ ಕಿತ್ತುಬರುತ್ತದೆ. ರಿಪೋರ್ಟಿನ ‘ಬ್ಯಾಂಕಾರ್ಟ್ ಲೀಶನ್’ ಇದೇ. ಲಂಡನ್ನಿನ ಸರ್ಜನ್ ಬ್ಯಾಂಕಾರ್ಟ್ ಇದರ ಬಗ್ಗೆ ಬರೆದದ್ದು 1923ರಲ್ಲಿ. ನಮ್ಮ ಘಟಪ್ರಭೆಯಲ್ಲಿ ನೆಲೆಸಿದ ನಾ.ಸು. ಹರ್ಡೀಕರರು ಸೇವಾದಳ ಕಟ್ಟಿದ್ದೂ ಅದೇ ವರ್ಷ. ಸೇವಾದಳದ ಕವಾಯತು ಮಾಡಿಸಿದವನಾದ್ದರಿಂದ ಬ್ಯಾಂಕಾರ್ಟನ ಇಸವಿ ನನಗೆ ಮರೆಯುವುದಿಲ್ಲ.

ಮುಂದಕ್ಕೆ ಜಾರಿದ ಗುಂಡಿನ ಹಿಂಭಾಗ ಗುಳಿಯ ಗಟ್ಟಿ ಅಂಚಿಗೆ ಬಡಿದು ಅಲ್ಲೊಂದು ತಗ್ಗು ಬೀಳುತ್ತದೆ. ಅದು ‘ಹಿಲ್-ಸ್ಯಾಕ್ಸ್’. 1940ರಲ್ಲಿ ಅದನ್ನು ವಿವರಿಸಿದ ಇಬ್ಬರೂ ಎಕ್ಸ್-ರೇ ಓದುವ ಡಾಕ್ಟರುಗಳು. ತಗ್ಗು ಚಿಕ್ಕದಿದ್ದರೆ ಅದರ ಪಾಡಿಗೆ ಇರುತ್ತದೆ. ದೊಡ್ಡದಾಗಿ, ಕೈ ಎತ್ತಿ ಹೊರಕ್ಕೆ ತಿರುಗಿಸಿದಾಗ ಗುಳಿಯ ಅಂಚಿಗೆ ಸಿಕ್ಕಿಬಿದ್ದರೆ ಭುಜ ಅಲ್ಲೇ ಕಳಚುತ್ತದೆ. ಅಂಥದಕ್ಕೆ ‘ಆಫ್ ಟ್ರ್ಯಾಕ್’ ಎಂದು ಬರೆದಿರುತ್ತಾರೆ.

ಹುಡುಗನ ರಿಪೋರ್ಟಿನಲ್ಲಿ ‘3ರಿಂದ 6 ಗಂಟೆ’ ಎಂದಿತ್ತು. ತಂದೆ ಅದನ್ನು ಸ್ಕ್ಯಾನ್ ಮಾಡಿದ ಹೊತ್ತು ಅಂದುಕೊಂಡಿದ್ದರು. ಗುಳಿಯನ್ನು ಗಡಿಯಾರದ ಮುಖವೆಂದು ಇಟ್ಟುಕೊಂಡು ಮೇಲ್ತುದಿ 12, ಕೆಳತುದಿ 6, ಮುಂಭಾಗ 3 ಎಂದು ಗುರುತು ಹಾಕುವ ರೂಢಿ. ಅಂದರೆ ಮುಂದಿನ ಕೆಳಗಿನ ಕಾಲುಭಾಗದ ಬಳೆ ಬಿಟ್ಟಿದೆ. ಅದರ ಕೆಳಗೆ ‘ಸ್ವಲ್ಪ ನೀರು’, ‘ಸ್ನಾಯುರಜ್ಜು ತುಸು ಊದಿದೆ’ ಎಂದೆಲ್ಲ ಇತ್ತು. ಕಂಡದ್ದನ್ನೆಲ್ಲ ಬರೆಯುವುದು ರೇಡಿಯಾಲಜಿಸ್ಟರ ಧರ್ಮ. ಅದಕ್ಕೆಲ್ಲ ಗಾಬರಿ ಬೇಡ. ಕೊನೆಗೆ ‘ಕ್ಲಿನಿಕಲ್ ಕೋರಿಲೇಶನ್’ ಎಂದರೆ ಡಾಕ್ಟರು ಕೈ ಮುಟ್ಟಿ ಪರೀಕ್ಷಿಸಿ ತಾಳೆ ನೋಡಲಿ ಎಂದು. ಹುಡುಗನನ್ನು ಮಲಗಿಸಿ, ತೋಳು ಎತ್ತಿ ಮೆಲ್ಲಗೆ ಹೊರಕ್ಕೆ ತಿರುಗಿಸುತ್ತಾರೆ. ‘ಈಗ ಜಾರತೈತಿ’ ಎಂಬ ಭಯಕ್ಕೆ ಅವನ ಮುಖ ಬಿಗಿಯುತ್ತದಲ್ಲ, ಅದು ಸ್ಕ್ಯಾನಿನಷ್ಟೇ ದೊಡ್ಡ ಸಾಕ್ಷಿ.

ಎಂ.ಆರ್.ಐ. ಮೆತ್ತನೆಯ ಭಾಗಗಳನ್ನು ಚೆನ್ನಾಗಿ ತೋರಿಸುತ್ತದೆ. ಹಳೆಯ ಗಾಯವಾದರೆ ಕೀಲಿನೊಳಗೆ ಸೂಜಿಯಿಂದ ಔಷಧ ತುಂಬಿ ಸ್ಕ್ಯಾನ್ ಮಾಡುವುದುಂಟು. ಅದು ಬಿರುಕಿನೊಳಗೆ ಇಳಿದು ಹರಿದದ್ದನ್ನು ಎತ್ತಿ ತೋರಿಸುತ್ತದೆ. ಈಗಷ್ಟೇ ಜಾರಿದ ಭುಜದಲ್ಲಿ ಒಸರಿದ ರಕ್ತವೇ ಆ ಕೆಲಸ ಮಾಡುತ್ತದೆ. ಆದರೆ ಎಲುಬು ಅಳೆಯಲು ಸರ್ಜನ್ನರು ಹೆಚ್ಚಾಗಿ ನೆಚ್ಚುವುದು ತ್ರೀಡಿ ಸಿ.ಟಿ. ಅದರಲ್ಲಿ ತೋಳಿನ ಗುಂಡನ್ನು ಪರದೆಯಿಂದ ತೆಗೆದುಹಾಕಿ ಗುಳಿಯನ್ನು ಎದುರಿನಿಂದಲೇ ನೋಡಬಹುದು. ಗುಳಿಯ ಕೆಳಭಾಗ ಹೆಚ್ಚುಕಡಿಮೆ ದುಂಡಗಿರುತ್ತದೆ. ಅದಕ್ಕೊಂದು ವೃತ್ತ ಎಳೆದು, ಮುಂದಿನ ಅಂಚಿನಲ್ಲಿ ಎಷ್ಟು ಖಾಲಿ ಬಿತ್ತೆಂದು ಅಳೆಯುತ್ತಾರೆ. ಅಗಲ 25 ಮಿ.ಮೀ. ಇರಬೇಕಾದಲ್ಲಿ 5 ಮಿ.ಮೀ. ಹೋಗಿದ್ದರೆ ಶೇ. 20 ನಷ್ಟ.

ಈ ಅಂಕಿಗೆ ಇಷ್ಟು ಮಹತ್ವ ಬಂದದ್ದಕ್ಕೆ ಕಾರಣವುಂಟು. 2000ರಲ್ಲಿ ಬರ್ಕ್‌ಹಾರ್ಟ್ ಮತ್ತು ಡಿ ಬೀರ್ ಎಂಬ ಸರ್ಜನ್ನರು ದೂರ್ಬೀನಿನಿಂದ ಬಳೆ ಹೊಲಿದ 194 ಭುಜಗಳ ಲೆಕ್ಕ ಕೊಟ್ಟರು. ಎಲುಬು ಹೇಳಿಕೊಳ್ಳುವಷ್ಟು ಸವೆಯದವರಲ್ಲಿ ಶೇ. 4 ಮಂದಿಗೆ ಮತ್ತೆ ತೊಂದರೆಯಾಯಿತು. ತೀರ ಸವೆದವರಲ್ಲಿ ಶೇ. 67. ಕೂರಲು ದಂಡೆಯೇ ಇಲ್ಲದಿದ್ದರೆ ಹೊಲಿಗೆ ಏನು ಮಾಡೀತು? ಬಹುಕಾಲ ಶೇ. 20ರಿಂದ 25 ಎಂಬುದೇ ಗೆರೆಯಾಗಿತ್ತು. ಈಗ ಮೈಗೆ ಮೈ ತಾಗುವ ಆಟದವರಲ್ಲಿ ಅದಕ್ಕೂ ಮುಂಚೆಯೇ ಹುಷಾರಾಗುತ್ತಾರೆ. ಗೆರೆ ದಾಟಿದವರಿಗೆ ಮುಂಭುಜದ ಕೊರಕಾಯ್ಡ್ ಎಂಬ ಎಲುಬಿನ ತುಂಡನ್ನು ಅದರ ಸ್ನಾಯುರಜ್ಜು ಸಮೇತ ತಂದು, ಸವೆದ ಅಂಚಿಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ಫ್ರಾನ್ಸಿನ ಲತಾರ್ಜೆ 1954ರಲ್ಲಿ ಹೇಳಿಕೊಟ್ಟ ದಾರಿ ಅದು. ಹಿಪೊಕ್ರೆಟೀಸನ ಕಾಲದಲ್ಲಿ ಇದೇ ರೋಗಕ್ಕೆ ಕಂಕುಳಿಗೆ ಕಾದ ಕಬ್ಬಿಣದ ಬರೆ ಹಾಕುತ್ತಿದ್ದರು. ಅದಕ್ಕಿಂತ ಸ್ಕ್ರೂ ವಾಸಿ.

ಎಲುಬಿನ ಜೊತೆಗೆ ವಯಸ್ಸನ್ನೂ ನೋಡಬೇಕು: ಇಪ್ಪತ್ತು ವರ್ಷದೊಳಗೆ ಮೊದಲ ಸಲ ಜಾರಿದವರಿಗೆ ಮತ್ತೆ ಜಾರುವ ಸಂಭವ ಬಹಳ. ನಲವತ್ತು ದಾಟಿದವರಲ್ಲಿ ಬಳೆಗಿಂತ ಮೇಲಿನ ಸ್ನಾಯುರಜ್ಜು ಹರಿದಿದೆಯೇ ಎಂದು ಮೊದಲು ನೋಡಬೇಕು. ಮೂರ್ಛೆಯಿಂದಲೋ ಕರೆಂಟ್ ಹೊಡೆದೋ ಜಾರಿದ್ದರೆ ಅದು ಹಿಂದಕ್ಕೂ ಜಾರಿರಬಹುದು; ಸಾದಾ ಎಕ್ಸ್-ರೇಯಲ್ಲಿ ಇದು ಕಣ್ತಪ್ಪುವುದುಂಟು.

ಹುಡುಗನನ್ನು ಸಿ.ಟಿ.ಗೆ ಕಳಿಸಿದೆ. ಚಿಕಿತ್ಸೆ ಮುಗಿಯುವವರೆಗೆ ಒಡ್ಡಿನ ನೀರಿಗೆ ಇಳಿಯಬೇಡ ಎಂದೂ ಗದರಿಸಿದೆ. ಕೈ ಮೇಲೆತ್ತಿ ಬೀಸಿ ಈಜುವಾಗಲೇ ಭುಜ ಕಳಚುವುದು. ನಡುನೀರಿನಲ್ಲಿ ಅದು ಜೀವಕ್ಕೇ ಕುತ್ತು. ಸಿ.ಟಿ.ಯಲ್ಲಿ ಬಂದ ಅಂಕಿ ಶೇ. 22. ಸರ್ಜನ್ನರು ಕಾಗದದ ರಿಪೋರ್ಟನ್ನು ಬದಿಗಿಟ್ಟು ಸಿ.ಡಿ. ಹಾಕಿ ತಾವೇ ಅಳೆದು ನೋಡಿ, ಹೊಲಿಗೆ ಸಾಲದು, ಎಲುಬೇ ಕೂರಿಸಬೇಕು ಅಂದರಂತೆ. ಕೂರಿಸಿದ ಎಲುಬು ಬೆಸೆದಿದೆ ಎಂದು ಇನ್ನೊಂದು ಸ್ಕ್ಯಾನಿನಲ್ಲಿ ಕಂಡಮೇಲೆಯೇ ಕಬಡ್ಡಿ. ಅಲ್ಲಿಯವರೆಗೆ ಅವನಿಗೆ ಅಂಪೈರ್ ಕೆಲಸ ಕೊಟ್ಟಿದ್ದೇನೆ, ಸೀಟಿ ನನ್ನದೇ.