ಟನ್ನಿಗೊಂದು ಡಾಲರ್: ಆಲ್ಬರ್ಟಾದ ಕನೋಲಾ ಬೆಳೆಗಾರರ ಸಂಘಟನೆ

ಸರಕಿನ ಬೆಲೆಯನ್ನು ಮಾರುಕಟ್ಟೆ ನಿರ್ಧರಿಸುತ್ತದೆ. ಆದರೆ ಆ ಸರಕು ಮಾರುಕಟ್ಟೆಗೆ ಬರುವ ಮುನ್ನ ನಡೆಯಬೇಕಾದ ಸಂಶೋಧನೆ, ರೋಗ ನಿಯಂತ್ರಣ, ತಳಿ ಪರೀಕ್ಷೆ ಹಾಗೂ ಪ್ರಚಾರದ ವೆಚ್ಚವನ್ನು ಯಾರು ಭರಿಸಬೇಕು ಎಂಬುದು ಎಲ್ಲ ಕೃಷಿ ಆಧಾರಿತ ಉದ್ದಿಮೆಗಳನ್ನೂ ಕಾಡುವ ಪ್ರಶ್ನೆ. ಸರ್ಕಾರವೇ ಭರಿಸಲಿ ಎಂಬುದು ಒಂದು ಉತ್ತರ. ಬೀಜ ಮತ್ತು ಔಷಧ ಕಂಪನಿಗಳು ಭರಿಸಲಿ ಎಂಬುದು ಮತ್ತೊಂದು. ಕೆನಡಾ ದೇಶದ ಆಲ್ಬರ್ಟಾ ಪ್ರಾಂತ್ಯದ ಕನೋಲಾ ಬೆಳೆಗಾರರು ಮೂರನೆಯ ಉತ್ತರವೊಂದನ್ನು ಕಂಡುಕೊಂಡಿದ್ದಾರೆ. ತಾವು ಮಾರುವ ಪ್ರತಿ ಟನ್ನಿನ ಮೇಲೆ ಅಲ್ಪ ಮೊತ್ತವೊಂದನ್ನು ತಮ್ಮದೇ ಸಂಸ್ಥೆಗೆ ಕೊಟ್ಟು, ಆ ಹಣದಿಂದ ತಮ್ಮ ಬೆಳೆಯನ್ನು ತಾವೇ ಕಾಯ್ದುಕೊಳ್ಳುವ ಮಾರ್ಗವದು. ಎಣ್ಣೆಕಾಳು, ಹಿಂಡಿ ಹಾಗೂ ಖಾದ್ಯ ತೈಲದ ವ್ಯವಹಾರದಲ್ಲಿರುವ ವರ್ತಕರು ಮತ್ತು ಗಿರಣಿ ಮಾಲೀಕರು ಈ ವ್ಯವಸ್ಥೆಯನ್ನು ಅರಿತಿರುವುದು ಉಪಯುಕ್ತ.

ಬೆಳೆಯ ಹಿನ್ನೆಲೆ

ಕನೋಲಾ ನಮ್ಮ ಸಾಸಿವೆಯ ಬಳಗಕ್ಕೆ ಸೇರಿದ ಎಣ್ಣೆಕಾಳು. ಇದರ ಮೂಲ ರೇಪ್‌ಸೀಡ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗುಗಳ ಉಗಿ ಎಂಜಿನ್ನುಗಳಿಗೆ ಕೀಲೆಣ್ಣೆಯಾಗಿ ಬೇಡಿಕೆ ಬಂದಾಗ ರೇಪ್‌ಸೀಡ್ ಕೆನಡಾದ ಬಯಲು ಪ್ರದೇಶದಲ್ಲಿ ನೆಲೆಯೂರಿತು. ಯುದ್ಧ ಮುಗಿದ ಮೇಲೆ ಆ ಬೇಡಿಕೆ ಇಳಿಯಿತು. ಎಣ್ಣೆಯಲ್ಲಿದ್ದ ಅಧಿಕ ಎರುಸಿಕ್ ಆಮ್ಲ ಮತ್ತು ಹಿಂಡಿಯಲ್ಲಿದ್ದ ಕಟುವಾದ ಗ್ಲುಕೊಸಿನೊಲೇಟ್ ಅಂಶಗಳು ಅದನ್ನು ಆಹಾರ ಮತ್ತು ಪಶು ಆಹಾರವಾಗಿ ಬಳಸಲು ಅಡ್ಡಿಯಾದವು. ಕೀತ್ ಡೌನಿ ಮತ್ತು ಬಾಲ್ಡರ್ ಸ್ಟೆಫಾನ್ಸನ್ ಎಂಬ ತಳಿ ವಿಜ್ಞಾನಿಗಳ ಪರಿಶ್ರಮದಿಂದ ಈ ಎರಡೂ ದೋಷಗಳು ತಗ್ಗಿದವು. ಎರಡೂ ಅಂಶಗಳು ಕಡಿಮೆ ಇದ್ದ ಮೊದಲ ತಳಿ 'ಟವರ್' 1974ರಲ್ಲಿ ಹೊರಬಂದಿತು. 1978ರಲ್ಲಿ 'ಕನೋಲಾ' ಎಂಬ ಹೆಸರು ನೋಂದಣಿಯಾಯಿತು. ಎಣ್ಣೆಯಲ್ಲಿ ಎರುಸಿಕ್ ಆಮ್ಲ ಶೇ. 2ಕ್ಕಿಂತ ಕಡಿಮೆ ಇರಬೇಕೆಂಬುದು ಕನೋಲಾ ಎನಿಸಿಕೊಳ್ಳಲು ಇರುವ ಮುಖ್ಯ ನಿಬಂಧನೆಗಳಲ್ಲೊಂದು.

ಇಂದು ಕೆನಡಾದಲ್ಲಿ ಬೆಳೆಯುವ ಕನೋಲಾದ ಸುಮಾರು ಶೇ. 90 ಭಾಗ ಕಾಳು, ಎಣ್ಣೆ ಅಥವಾ ಹಿಂಡಿಯ ರೂಪದಲ್ಲಿ ರಫ್ತಾಗುತ್ತದೆ. ಆಲ್ಬರ್ಟಾ, ಸಸ್ಕಾಚೆವಾನ್ ಮತ್ತು ಮನಿಟೋಬಾ ಈ ಬೆಳೆಯ ಮೂರು ಪ್ರಮುಖ ಪ್ರಾಂತ್ಯಗಳು. ಲೆತ್‌ಬ್ರಿಡ್ಜ್, ಕ್ಯಾಮ್ರೋಸ್, ಫೋರ್ಟ್ ಸಸ್ಕಾಚೆವಾನ್ ಮುಂತಾದ ಆಲ್ಬರ್ಟಾದ ಪಟ್ಟಣಗಳಲ್ಲಿ ಬೃಹತ್ ಎಣ್ಣೆ ಗಿರಣಿಗಳಿವೆ.

ವಂತಿಗೆಯ ಲೆಕ್ಕಾಚಾರ

ಆಲ್ಬರ್ಟಾ ಕನೋಲಾ ಉತ್ಪಾದಕರ ಆಯೋಗ 1989ರಲ್ಲಿ ಪ್ರಾಂತ್ಯದ ಕೃಷಿ ಉತ್ಪನ್ನ ಮಾರಾಟ ಕಾಯಿದೆಯಡಿ ಸ್ಥಾಪನೆಗೊಂಡಿತು. ಇದರ ಕಚೇರಿ ಎಡ್ಮಂಟನ್ ನಗರದಲ್ಲಿದೆ. ಹೆಸರಿನಲ್ಲಿ 'ಆಯೋಗ' ಎಂದಿದ್ದರೂ ಇದು ಸರ್ಕಾರಿ ಇಲಾಖೆಯಲ್ಲ. ಬೆಳೆಗಾರರಿಂದಲೇ ಚುನಾಯಿತರಾದ ನಿರ್ದೇಶಕರು ಇದರ ಆಡಳಿತ ನಡೆಸುತ್ತಾರೆ. ಅವರೂ ಕನೋಲಾ ಬೆಳೆಯುವ ರೈತರೇ.

ಸಂಸ್ಥೆಯ ಆದಾಯದ ಮೂಲ ವಂತಿಗೆ. ರೈತನು ಕಾಳನ್ನು ಧಾನ್ಯ ಸಂಗ್ರಹಾಗಾರಕ್ಕೋ ಎಣ್ಣೆ ಗಿರಣಿಗೋ ಮಾರಿದಾಗ, ಖರೀದಿದಾರನು ವಂತಿಗೆಯನ್ನು ಮುರಿದುಕೊಂಡು ಉಳಿದ ಹಣವನ್ನು ಪಾವತಿಸುತ್ತಾನೆ. ಮುರಿದುಕೊಂಡ ಮೊತ್ತವನ್ನು ಸಂಸ್ಥೆಗೆ ಜಮಾ ಮಾಡುತ್ತಾನೆ. ನಮ್ಮಲ್ಲಿ ಆದಾಯ ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡುವ ಪದ್ಧತಿಯನ್ನು ಇದು ಹೋಲುತ್ತದೆ. ಬಹುಕಾಲದಿಂದ ಪರಿಚಿತವಾದ ದರ ಟನ್ನಿಗೆ 1 ಕೆನಡಾ ಡಾಲರ್. ವರ್ಷಕ್ಕೆ 800 ಟನ್ ಕಾಳು ಮಾರುವ ರೈತನು ಈ ದರದಲ್ಲಿ ನೀಡುವ ವಂತಿಗೆ 800 ಡಾಲರ್ ಮಾತ್ರ. ಅಷ್ಟು ಹಣದಿಂದ ಒಬ್ಬ ರೈತ ಯಾವ ಸಂಶೋಧನೆಯನ್ನೂ ಮಾಡಿಸಲಾರ. ಸಹಸ್ರಾರು ರೈತರ ವಂತಿಗೆ ಒಂದೆಡೆ ಕೂಡಿದಾಗ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಿಗೆ ಯೋಜನೆಗಳನ್ನು ವಹಿಸಲು ಶಕ್ತಿ ಬರುತ್ತದೆ.

ಈ ವ್ಯವಸ್ಥೆಯ ವಿಶೇಷವೆಂದರೆ ವಂತಿಗೆಯನ್ನು ಹಿಂಪಡೆಯುವ ಹಕ್ಕು. ಸಂಸ್ಥೆಯ ಕೆಲಸ ತೃಪ್ತಿ ತರದಿದ್ದರೆ, ಅಥವಾ ಹಣದ ಅಗತ್ಯವಿದ್ದರೆ, ರೈತನು ನಿಗದಿತ ಅವಧಿಯೊಳಗೆ ಅರ್ಜಿ ಸಲ್ಲಿಸಿ ತಾನು ಕೊಟ್ಟ ಮೊತ್ತವನ್ನು ವಾಪಸು ಪಡೆಯಬಹುದು. ಕರ್ನಾಟಕದ ಎಪಿಎಂಸಿ ಪ್ರಾಂಗಣದಲ್ಲಿ ವರ್ತಕರು ತೆರುವ ಮಾರುಕಟ್ಟೆ ಶುಲ್ಕಕ್ಕೂ ಇದಕ್ಕೂ ಇರುವ ಮೂಲಭೂತ ಅಂತರ ಇದೇ. ಆದ್ದರಿಂದ ಆಡಳಿತ ಮಂಡಲಿಯು ಖರ್ಚು ಮಾಡುವ ಪ್ರತಿಯೊಂದು ಡಾಲರಿಗೂ ಸದಸ್ಯರಿಗೆ ಸಮಾಧಾನಕರವಾದ ಉತ್ತರ ಕೊಡಬೇಕಾಗುತ್ತದೆ.

ತೆರಿಗೆಯ ದೃಷ್ಟಿಯಿಂದಲೂ ಒಂದು ಅನುಕೂಲವಿದೆ. ಕೆನಡಾದ ಆದಾಯ ತೆರಿಗೆ ಕಾನೂನಿನಲ್ಲಿ ವೈಜ್ಞಾನಿಕ ಸಂಶೋಧನೆಗೆ ಮಾಡಿದ ವೆಚ್ಚಕ್ಕೆ ರಿಯಾಯಿತಿ ಉಂಟು. ವಂತಿಗೆಯ ಹಣದಲ್ಲಿ ಅರ್ಹ ಸಂಶೋಧನೆಗೆ ಎಷ್ಟು ಶೇಕಡಾ ವಿನಿಯೋಗವಾಯಿತೆಂಬುದನ್ನು ಸಂಸ್ಥೆ ಪ್ರಕಟಿಸುತ್ತದೆ. ಹಣ ಹಿಂಪಡೆಯದ ರೈತನು ಆ ಪ್ರಮಾಣಕ್ಕೆ ತಕ್ಕಂತೆ ತನ್ನ ತೆರಿಗೆಯಲ್ಲಿ ರಿಯಾಯಿತಿ ಕೋರಬಹುದು.

ಬೇರಿಗೆ ಬಿದ್ದ ಪೆಟ್ಟು

ಸಂಘಟನೆಯ ನಿಜವಾದ ಪರೀಕ್ಷೆ ನಡೆದದ್ದು 2003ರ ನಂತರ. ಆ ವರ್ಷ ಎಡ್ಮಂಟನ್ ಸಮೀಪದ ಹೊಲಗಳಲ್ಲಿ 'ಕ್ಲಬ್‌ರೂಟ್' ಎಂಬ ರೋಗ ಕನೋಲಾದಲ್ಲಿ ಕಾಣಿಸಿಕೊಂಡಿತು. ಈ ರೋಗ ತಗುಲಿದ ಗಿಡದ ಬೇರು ಗದೆಯಂತೆ ಊದಿಕೊಂಡು, ನೀರು ಮತ್ತು ಪೋಷಕಾಂಶಗಳನ್ನು ಹೀರಲಾರದೆ ಗಿಡ ಸೊರಗುತ್ತದೆ. ರೋಗಾಣುವಿನ ಬೀಜಕಣಗಳು ಮಣ್ಣಿನಲ್ಲಿ ಹಲವು ವರ್ಷ ಜೀವಂತವಾಗಿರುತ್ತವೆ. ಟ್ರ್ಯಾಕ್ಟರಿನ ಚಕ್ರಕ್ಕೆ ಅಂಟಿದ ಮಣ್ಣೇ ರೋಗವನ್ನು ಹೊಲದಿಂದ ಹೊಲಕ್ಕೆ ಸಾಗಿಸುತ್ತದೆ. ಒಬ್ಬ ರೈತನ ಅಲಕ್ಷ್ಯ ನೆರೆಯವನ ನಷ್ಟವಾಗುವ ಇಂತಹ ಸಂದರ್ಭದಲ್ಲಿ ಸಾಮೂಹಿಕ ಪ್ರಯತ್ನವಿಲ್ಲದೆ ಪರಿಹಾರವಿಲ್ಲ.

ಪ್ರಾಂತ್ಯದ ಸರ್ಕಾರ 2007ರಲ್ಲಿ ಈ ರೋಗವನ್ನು ಕೃಷಿ ಪೀಡೆಗಳ ಕಾಯಿದೆಯ ವ್ಯಾಪ್ತಿಗೆ ತಂದಿತು. ಬೆಳೆಗಾರರ ಸಂಸ್ಥೆಯು ರೋಗದ ಕುರಿತ ಸಂಶೋಧನೆಗೆ ಧನಸಹಾಯ ನೀಡಿತು. ಯಂತ್ರೋಪಕರಣಗಳ ಸ್ವಚ್ಛತೆ ಮತ್ತು ಬೆಳೆ ಪರಿವರ್ತನೆಯ ಬಗ್ಗೆ ರೈತರಿಗೆ ತಿಳಿವಳಿಕೆ ಕೊಡುತ್ತ ಬಂದಿತು. 2009ರಲ್ಲಿ ರೋಗ ನಿರೋಧಕ ತಳಿ ಮಾರುಕಟ್ಟೆಗೆ ಬಂದಾಗ ಸಮಸ್ಯೆ ಬಗೆಹರಿಯಿತೆಂದು ತೋರಿತು. ಆದರೆ ಕೆಲವೇ ವರ್ಷಗಳಲ್ಲಿ ಆ ನಿರೋಧವನ್ನೂ ಮೀರಿದ ರೋಗಾಣು ಪ್ರಭೇದಗಳು ಪತ್ತೆಯಾದವು. ಒಂದೇ ಹೊಲದಲ್ಲಿ ಮೇಲಿಂದ ಮೇಲೆ ಕನೋಲಾ ಬಿತ್ತಬಾರದು, ಎರಡು ವರ್ಷವಾದರೂ ಅಂತರವಿರಲಿ ಎಂಬುದು ತಜ್ಞರ ಸಲಹೆ. ಆದರೆ ಕೈತುಂಬ ಹಣ ತರುವ ಬೆಳೆಯನ್ನು ಎರಡು ವರ್ಷ ಕೈಬಿಡುವಂತೆ ರೈತನ ಮನವೊಲಿಸುವುದು ಸುಲಭವಲ್ಲ. ಸಂಸ್ಥೆಯ ಕೆಲಸ ಇಂದಿಗೂ ಕಠಿಣವಾಗಿ ಉಳಿದಿರುವುದು ಇಲ್ಲಿಯೇ.

ಬೀಜದ ಆಯ್ಕೆಯಲ್ಲಿಯೂ ಸಂಘಟನೆಯ ಪಾತ್ರವಿದೆ. ಪ್ರತಿಯೊಂದು ಕಂಪನಿಯೂ ತನ್ನ ಹೈಬ್ರಿಡ್ ತಳಿಯೇ ಶ್ರೇಷ್ಠವೆನ್ನುತ್ತದೆ. ಮೂರು ಪ್ರಾಂತ್ಯಗಳ ಬೆಳೆಗಾರರ ಸಂಸ್ಥೆಗಳು ಒಟ್ಟಾಗಿ ಹಣ ನೀಡಿ ನಡೆಸಿದ ತಳಿ ಸಾಮರ್ಥ್ಯ ಪರೀಕ್ಷೆಗಳಿಂದ, ಬೇರೆ ಬೇರೆ ಕಂಪನಿಗಳ ತಳಿಗಳನ್ನು ಒಂದೇ ಅಳತೆಗೋಲಿನಲ್ಲಿ ತೂಗಿ ನೋಡಲು ರೈತರಿಗೆ ಸಾಧ್ಯವಾಯಿತು.

ಮಾರುಕಟ್ಟೆ ಮುಚ್ಚಿದಾಗ

ರಫ್ತನ್ನೇ ನಂಬಿದ ಬೆಳೆಗೆ ರಾಜಕೀಯದ ಅಪಾಯ ತಪ್ಪಿದ್ದಲ್ಲ. 2019ರ ಮಾರ್ಚಿನಲ್ಲಿ ಚೀನಾ ದೇಶವು ಕೆನಡಾದ ಎರಡು ಪ್ರಮುಖ ಕಂಪನಿಗಳ ಕನೋಲಾ ಕಾಳಿನ ಆಮದನ್ನು ತಡೆಹಿಡಿಯಿತು. ಅಲ್ಲಿಯವರೆಗೆ ಕೆನಡಾದ ಕಾಳು ರಫ್ತಿನ ಸುಮಾರು ಶೇ. 40 ಭಾಗ ಚೀನಾಕ್ಕೇ ಹೋಗುತ್ತಿತ್ತು. ಆ ನಿರ್ಬಂಧ ತೆರವಾದದ್ದು 2022ರ ಮೇ ತಿಂಗಳಲ್ಲಿ.

ಇಂತಹ ಸಂದರ್ಭದಲ್ಲಿ ಪ್ರಾಂತೀಯ ಸಂಸ್ಥೆಯೊಂದು ಬಾಗಿಲು ತೆರೆಸಲಾರದು. ಆದರೆ ಪ್ರಾಂತೀಯ ಸಂಸ್ಥೆಗಳೆಲ್ಲ ಸದಸ್ಯರಾಗಿರುವ ಕೆನಡಾ ಕನೋಲಾ ಬೆಳೆಗಾರರ ಸಂಘವು ಕೇಂದ್ರ ಸರ್ಕಾರದೊಡನೆ ವ್ಯವಹರಿಸುತ್ತದೆ. ಸರ್ಕಾರದ ಮುಂಗಡ ಪಾವತಿ ಯೋಜನೆಯನ್ನೂ ನಿರ್ವಹಿಸುತ್ತದೆ. ಫಸಲಿನ ಆಧಾರದ ಮೇಲೆ ಮುಂಗಡ ಪಡೆದ ರೈತನು, ಬೆಲೆ ಕುಸಿದ ಹೊತ್ತಿನಲ್ಲಿ ಕಾಳನ್ನು ಅವಸರದಲ್ಲಿ ಮಾರದೆ ಕಾಯಬಹುದು. 2019ರಲ್ಲಿ ಈ ಮುಂಗಡದ ಗರಿಷ್ಠ ಮಿತಿಯನ್ನು 4 ಲಕ್ಷದಿಂದ 10 ಲಕ್ಷ ಡಾಲರಿಗೆ ಏರಿಸಲಾಯಿತು. ಆ ವರ್ಷ ಕನೋಲಾಕ್ಕೆ ಮೊದಲ 5 ಲಕ್ಷ ಡಾಲರ್ ಬಡ್ಡಿರಹಿತವಾಗಿತ್ತು. ವ್ಯಾಪಾರದಲ್ಲಿ ಕಾಯುವ ಶಕ್ತಿಯೂ ಒಂದು ಬಂಡವಾಳ ಎಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಸಂಕಷ್ಟ ಮರುಕಳಿಸಿತು. ಚೀನಾದ ವಿದ್ಯುತ್ ವಾಹನಗಳ ಮೇಲೆ ಕೆನಡಾ 2024ರಲ್ಲಿ ಶೇ. 100 ಸುಂಕ ವಿಧಿಸಿತು. 2025ರ ಮಾರ್ಚಿನಲ್ಲಿ ಕೆನಡಾದ ಕನೋಲಾ ಎಣ್ಣೆ ಮತ್ತು ಹಿಂಡಿಯ ಮೇಲೆ ಚೀನಾ ಅಷ್ಟೇ ಸುಂಕ ಹೇರಿತು; ಆಗಸ್ಟ್‌ನಲ್ಲಿ ಕಾಳಿನ ಮೇಲೆ ಶೇ. 75.8ರ ತಾತ್ಕಾಲಿಕ ಸುಂಕ ಬಂದಿತು. 2026ರ ಜನವರಿಯಲ್ಲಿ ಮಾತುಕತೆಯ ಫಲವಾಗಿ ಕಾಳಿನ ಸುಂಕ ಸುಮಾರು ಶೇ. 15ಕ್ಕೆ ಇಳಿಯುವ ನಿರೀಕ್ಷೆಯನ್ನು ಕೆನಡಾ ಸರ್ಕಾರ ಪ್ರಕಟಿಸಿತು. ಮೋಟಾರು ವಾಹನದ ಜಗಳಕ್ಕೆ ಎಣ್ಣೆಕಾಳಿನ ರೈತ ದಂಡ ತೆತ್ತಂತಾಯಿತು.

ಪರಿಗಣಿಸಬೇಕಾದ ಅಂಶಗಳು

ಈ ವ್ಯವಸ್ಥೆ ದೋಷರಹಿತವೇನಲ್ಲ. ಬೆಲೆ ಕುಸಿದ ವರ್ಷದಲ್ಲಿಯೇ ರೈತನಿಗೆ ವಂತಿಗೆ ಹಿಂಪಡೆಯುವ ಆಸೆ ಹೆಚ್ಚು. ಸಂಸ್ಥೆಗೆ ಹಣದ ಅಗತ್ಯವೂ ಆಗಲೇ ಹೆಚ್ಚು. ಬರಗಾಲದಲ್ಲಿ ಟನ್ ಲೆಕ್ಕದ ಆದಾಯ ತಾನಾಗಿಯೇ ಇಳಿಯುತ್ತದೆ. ಹಣ ಹಿಂಪಡೆದವನ ಹೊಲಕ್ಕೂ ಸಂಶೋಧನೆಯ ಫಲ ತಲುಪುವುದರಿಂದ, ಇತರರ ದುಡ್ಡಿನಲ್ಲಿ ಲಾಭ ಪಡೆಯುವವರನ್ನು ತಡೆಯುವ ಉಪಾಯವಿಲ್ಲ. ಸಂಶೋಧನೆಗೆ ಹಲವು ವರ್ಷ ಬೇಕಾಗುವುದರಿಂದ ಒಳ್ಳೆಯ ವರ್ಷದ ಹಣವನ್ನು ಕೆಟ್ಟ ವರ್ಷಕ್ಕೆ ಕಾಯ್ದಿರಿಸುವ ಶಿಸ್ತು ಅನಿವಾರ್ಯ.

ಕರ್ನಾಟಕಕ್ಕೆ ಬೆಳೆಗಾರರ ಸಂಘಟನೆ ಹೊಸತಲ್ಲ. 1973ರಲ್ಲಿ ಸ್ಥಾಪನೆಗೊಂಡ ಮಂಗಳೂರಿನ ಕ್ಯಾಂಪ್ಕೊ ತಾನೇ ಅಡಿಕೆಯನ್ನು ಖರೀದಿಸಿ ಮಾರುಕಟ್ಟೆಗೆ ಆಸರೆಯಾಗಿ ನಿಂತಿದೆ. ಆಲ್ಬರ್ಟಾದ ಸಂಸ್ಥೆ ಒಂದು ಕಾಳನ್ನೂ ಖರೀದಿಸುವುದಿಲ್ಲ, ಮಾರುವುದಿಲ್ಲ. ಆದುದರಿಂದ ವ್ಯಾಪಾರದ ನಷ್ಟವೂ ಅದಕ್ಕಿಲ್ಲ, ವರ್ತಕರೊಡನೆ ಪೈಪೋಟಿಯೂ ಇಲ್ಲ. ವಂತಿಗೆಯನ್ನು ಮುರಿದು ಜಮಾ ಮಾಡುವ ಗಿರಣಿಯವನಿಗೂ ಅದರಿಂದ ಉತ್ತಮ ಕಾಳು, ನಿಶ್ಚಿತ ಪೂರೈಕೆಯ ಪ್ರಯೋಜನವಿದೆ. ಕಚ್ಚಾ ಮಾಲಿನ ಗುಣಮಟ್ಟಕ್ಕಾಗಿ ಬೆಳೆಗಾರರನ್ನೇ ಅವಲಂಬಿಸಿರುವ ಸಣ್ಣ ಉದ್ದಿಮೆದಾರರು ತಮ್ಮ ಸಂಘಗಳಲ್ಲಿ ಚರ್ಚಿಸಲು ಇದು ಯೋಗ್ಯ ವಿಷಯ. ಕೊಟ್ಟವನು ಕೇಳಿದರೆ ಹಿಂದಿರುಗಿಸಬೇಕಾದ ಹಣದಿಂದ ಒಂದು ಸಂಸ್ಥೆ 1989ರಿಂದ ಬಾಳಿಕೊಂಡು ಬಂದಿದೆ ಎಂದರೆ, ಅದರ ಜಮಾಖರ್ಚಿನ ಪುಸ್ತಕದಲ್ಲಿ ಕಾಣದ ಆಸ್ತಿಯೊಂದಿದೆ: ಸದಸ್ಯರ ವಿಶ್ವಾಸ.